ಒಂಬತ್ತನೆಯವರು

ಸಮುದ್ರವಿಲ್ಲದ ಸೀಮೆಯವರಿಗೆ ಸಮುದ್ರದ ಮೇಲಿರುವ ಮೋಹ ಕರಾವಳಿಯವರಿಗೆ ಸುಲಭವಾಗಿ ಅರ್ಥವಾಗಲಾರದು. ಹುಮನಾಬಾದಿನ ಮನೆಗೂ ಬಸವಕಲ್ಯಾಣದ ಕಾಲೇಜಿಗೂ ನಡುವೆ ಬಸ್ಸಿನಲ್ಲಿ ಓಡಾಡುತ್ತ ಇಪ್ಪತ್ತು ವರ್ಷ ಕಳೆದಿರುವ ನನಗೆ ಅಲೆಯೆಂದರೆ ತೊಗರಿಯ ಹೊಲದ ಮೇಲೆ ಗಾಳಿ ಎಬ್ಬಿಸುವ ಅಲೆ. ನೀರಿನ ವಿಸ್ತಾರವೆಂದರೆ, ಮಳೆರಾಯ ಮನಸ್ಸು ಮಾಡಿದ ವರ್ಷ, ಕಲ್ಯಾಣದ ತ್ರಿಪುರಾಂತ ಕೆರೆ. ಆದ್ದರಿಂದ ಹೋದ ಡಿಸೆಂಬರಿನಲ್ಲಿ ಸಹೋದ್ಯೋಗಿಯೊಬ್ಬರು ಕುಮಟೆಯ ಕಡೆಗೆ ಒಂದು ದಿನದ ಪ್ರವಾಸದ ಮಾತೆತ್ತಿದಾಗ ನಾನು ಲೆಕ್ಕ ಹಾಕದೆ ಒಪ್ಪಿಕೊಂಡೆ. ಎಂಟೇ ಜನ, ಒಂದೇ ದೋಣಿ, ಜನಜಂಗುಳಿಯಿಲ್ಲದ ತೀರ ಎಂದು ಪ್ರವಾಸ ಏರ್ಪಡಿಸುವವರು ಹೇಳಿದ್ದರಂತೆ. ನಿಜ ಹೇಳಬೇಕೆಂದರೆ ನಮ್ಮ ಮನಸ್ಸನ್ನು ಗೆದ್ದದ್ದು ಆ ಕಡೆಯ ಮಾತೇ.

ಎಂಟು ಜನ ಕೂಡಿದ ಮೇಲೆ ಒಂಬತ್ತನೆಯವರೊಬ್ಬರು ಬಂದರು. ಅವರು ನಮ್ಮ ಪಕ್ಕದ ಮನೆಯ ಕಾಕಾ. ಬಟ್ಟೆಯ ಅಂಗಡಿಯಲ್ಲಿ ನಲವತ್ತು ವರ್ಷ ಲೆಕ್ಕ ಬರೆದು, ಎಪ್ಪತ್ತು ದಾಟಿದ ಮೇಲೆ ಕಟ್ಟೆಯ ಮೇಲೆ ಕುಳಿತು ಬೀದಿ ನೋಡುವವರು. ಸಮುದ್ರವನ್ನು ಕಂಡವರಲ್ಲ. “ನಂದೂ ಒಂದ್ ಹೆಸರು ಬರೀರಿ ಸರ್, ಮೂಲ್ಯಾಗ ಕುಂದರ್ತೀನಿ” ಎಂದರು. ವಿಚಾರಿಸಿದೆ, ಅಡ್ಡಿಯಿಲ್ಲವೆಂದೇ ಉತ್ತರ ಬಂತು. ಅಡ್ಡಿ ಬಂದದ್ದು ನಮ್ಮೊಳಗಿನಿಂದ. ಒಬ್ಬರನ್ನು ಸೇರಿಸಿಕೊಂಡರೆ ಇನ್ನೊಬ್ಬರಿಗೆ ಒಲ್ಲೆವೆನ್ನುವುದು ಕಷ್ಟ, ಆಮೇಲೆ ಅದೂ ಒಂದು ಜಾತ್ರೆಯೇ ಆಗುತ್ತದೆ ಎಂದು ಗೆಳೆಯರು ಹೇಳಿದರು. ನಾನು ಎದುರಾಡಲಿಲ್ಲ. ಕಾಕಾಗೆ ಮಾತ್ರ, “ದೋಣಿಯಲ್ಲಿ ಎಂಟಕ್ಕಿಂತ ಹೆಚ್ಚು ಜನರನ್ನು ಹತ್ತಿಸುವುದಿಲ್ಲವಂತೆ” ಎಂದು ಹೇಳಿಬಿಟ್ಟೆ. ಅವರು “ಹೌದೇನ್ರಿ” ಎಂದು ಸುಮ್ಮನಾದರು.

ಹುಬ್ಬಳ್ಳಿಯ ಮೇಲೆ ಹಾದು ಘಟ್ಟ ಇಳಿದು ಅಘನಾಶಿನಿ ನದಿ ಕಡಲು ಸೇರುವೆಡೆಗೆ ಹೋದೆವು. ಶಿರಸಿಯ ಸೀಮೆಯಲ್ಲಿ ಹುಟ್ಟಿ, ಹರಿವಿಗೆ ದೊಡ್ಡ ಅಣೆಕಟ್ಟಿನ ತಡೆಯಿಲ್ಲದೆ ಸಮುದ್ರ ಮುಟ್ಟುವ ಅಪರೂಪದ ನದಿ ಅದು. ಅದರ ಅಳಿವೆಯನ್ನು 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಎಂದರೆ ಜಗತ್ತಿನ ಮಹತ್ವದ ಜಲಭೂಮಿಗಳ ಪಟ್ಟಿಗೆ ಸೇರಿಸಿದ್ದಾರೆ. ತದಡಿಯಿಂದ ಎದುರು ದಂಡೆಯ ಅಘನಾಶಿನಿ ಗ್ರಾಮಕ್ಕೆ ಜನರನ್ನು ದಾಟಿಸುವ ಬಾರ್ಜು ಇದೆ. ಶಾಲೆಯ ಮಕ್ಕಳು, ಮೋಟಾರ್ ಸೈಕಲ್ಲುಗಳು, ಮೀನಿನ ಬುಟ್ಟಿಗಳು ಎಲ್ಲ ಅದರ ಮೇಲೆ. ನಾವು ಅದನ್ನು ದೂರದಿಂದ ನೋಡಿ, ನಮ್ಮ ದೋಣಿ ಬೇರೆಯದೆಂದು ಸಮಾಧಾನಪಟ್ಟೆವು. ಅದೇ ನೀರು, ಅದೇ ಬೆಟ್ಟ, ಅದೇ ಬೆಳಕು ಅವರಿಗೂ ಕಾಣುತ್ತಿತ್ತೆಂಬುದು ಆಗ ಹೊಳೆಯಲಿಲ್ಲ.

ಅದು ಇಳಿತದ ಹೊತ್ತು. ನೀರು ಹಿಂದೆ ಸರಿದು ಮರಳ ದಿಬ್ಬಗಳು ಮೈದೋರಿದ್ದವು. ಎಲ್ಲೆಡೆ ಮೌನ. ಆ ಮೌನದ ನಡುವೆ ಮೂವತ್ತು ನಲವತ್ತು ಮಂದಿ, ಹೆಚ್ಚಿನವರು ಹೆಂಗಸರು, ಸೊಂಟದವರೆಗೆ ನೀರಿನಲ್ಲಿ ನಿಂತು ಬಳಚು ತೆಗೆಯುತ್ತಿದ್ದರು. ಬಳಚೆಂದರೆ ಕೆಸರಿನಲ್ಲಿ ಬೆಳೆಯುವ ಚಿಪ್ಪಿನ ಜೀವಿ. ಆ ಅಳಿವೆಯ ಬಹಳ ಮನೆಗಳ ಅನ್ನ. ನಮ್ಮಲ್ಲೊಬ್ಬರು ಕ್ಯಾಮೆರಾ ಎತ್ತಿ ಹಿಡಿದು ದೋಣಿಯವನಿಗೆ, “ಸ್ವಲ್ಪ ಆ ಕಡೆ ತಿರುಗಿಸಪ್ಪ, ಜನ ಬರುತ್ತಾರೆ” ಎಂದರು. ದೋಣಿಯವನು ಹುಟ್ಟನ್ನು ಒತ್ತಿ ತಿರುಗಿಸಿದ. ಚಿತ್ರ ಸೊಗಸಾಗಿಯೇ ಬಂತು.

ಊರಿಗೆ ಮರಳಿದ ಸಂಜೆ ಕಾಕಾ ಕಟ್ಟೆಯಿಂದಲೇ ಕೇಳಿದರು: “ಸಮುದ್ರ ಹ್ಯಾಂಗ ಅದರಿ ಸರ್?” ನನ್ನ ಬಾಯಿಂದ ಮೊದಲು ಹೊರಟ ಮಾತು, “ಬಹಳ ಚೆನ್ನಾಗಿದೆ ಕಾಕಾ, ಜನವೇ ಇರಲಿಲ್ಲ” ಎಂಬುದು. ಕಾಕಾ ಕೊಂಚ ಯೋಚಿಸಿ, “ಮತ್ತ ನಿಮಗ ದೋಣಿ ನಡಿಸಿದವ್ರು ಯಾರ್ರಿ?” ಎಂದರು. ವ್ಯಂಗ್ಯದ ಸೋಂಕು ಅವರ ದನಿಯಲ್ಲಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದರು. ನನಗೆ ಆ ದೋಣಿಯವನ ಹೆಸರು ಗೊತ್ತಿರಲಿಲ್ಲ.

ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಜನರಿಲ್ಲದ ಕಡೆ ಹೋಗಬೇಕೆಂಬ ಆಸೆ ತಪ್ಪೆ? ತಪ್ಪೆಂದು ಸಾರಾಸಗಟಾಗಿ ಹೇಳಲಾರೆ. ಗದ್ದಲದಲ್ಲಿ ಕಣ್ಣು ನೋಡುತ್ತದೆ, ಕಾಣುವುದಿಲ್ಲ. ಋಷಿಗಳು ಕಾಡು ಹಿಡಿದರು, ಶರಣರು ಗವಿ ಹೊಕ್ಕರು. ಏಕಾಂತದ ಬೆಲೆ ಬಲ್ಲ ನಾಡು ನಮ್ಮದು. ಆದರೆ ಅವರು ಅರಸಿದ ಮೌನಕ್ಕೂ ನಾವು ಕೊಂಡ ಮೌನಕ್ಕೂ ವ್ಯತ್ಯಾಸವಿದೆ. ಗವಿ ಹೊಕ್ಕವನು ತಾನು ಜನರಿಂದ ದೂರ ಸರಿದ. ನಾವು ಜನರನ್ನು ನಮ್ಮಿಂದ ದೂರ ಸರಿಸಿದೆವು. ಮೊದಲನೆಯದಕ್ಕೆ ತನ್ನ ಬಾಯಿಯನ್ನು ಮುಚ್ಚಿಕೊಂಡರೆ ಸಾಕು. ಎರಡನೆಯದಕ್ಕೆ ಯಾರನ್ನಾದರೂ ಹೊರಗೆ ನಿಲ್ಲಿಸಲೇಬೇಕು, ಕೆಲವೊಮ್ಮೆ ಒಂದು ಸುಳ್ಳನ್ನೂ ಹೇಳಬೇಕು.

ಇದು ಹೊಸ ರೋಗವಲ್ಲ. ಇಂಗ್ಲಿಷ್ ಕವಿ ವರ್ಡ್ಸ್‌ವರ್ತ್ ತನ್ನ ಸರೋವರ ಪ್ರಾಂತದ ಚೆಲುವನ್ನು ಹಾಡಿದ್ದಲ್ಲದೆ ಅಲ್ಲಿಗೆ ಬರುವವರಿಗಾಗಿ ಒಂದು ಕೈಪಿಡಿಯನ್ನೂ ಬರೆದ. 1844ರಲ್ಲಿ ಕೆಂಡಲ್‌ನಿಂದ ವಿಂಡರ್‌ಮಿಯರ್ ಕಡೆಗೆ ರೈಲು ಹಾಕುವ ಯೋಜನೆ ಹೊರಟಾಗ ಅದೇ ಕವಿ ಪತ್ರಿಕೆಗೆ ಕಾಗದ ಬರೆದು ಪ್ರತಿಭಟಿಸಿದ. ಕಾರ್ಖಾನೆಯ ಊರುಗಳ ಕೂಲಿಕಾರರು ಗುಂಪುಗುಂಪಾಗಿ ಬಂದಿಳಿದರೆ ಅವರಿಗೂ ಪ್ರಯೋಜನವಿಲ್ಲ, ಸ್ಥಳಕ್ಕೂ ಒಳಿತಿಲ್ಲ, ಇಂಥ ಚೆಲುವನ್ನು ಸವಿಯುವ ಸಂಸ್ಕಾರ ಮೆಲ್ಲಗೆ ಬರುವಂಥದು ಎಂಬುದು ಅವನ ವಾದ. ರೈಲು 1847ರಲ್ಲಿ ಬಂದೇ ಬಂತು. ಕವಿಯ ಕಳವಳ ಪೂರ್ತಿ ಪೊಳ್ಳೆಂದು ನಾನು ಹೇಳಲಾರೆ. ಆದರೆ ಬೀದರ್–ಕಲಬುರಗಿ ಮಾರ್ಗ 2017ರಲ್ಲಿ ಪೂರ್ಣಗೊಂಡು ನಮ್ಮ ಹುಮನಾಬಾದಿನಿಂದ ಕಲಬುರಗಿಗೆ ರೈಲು ಓಡತೊಡಗಿದಾಗ ನಾವು ಹಿಗ್ಗಿದ್ದನ್ನು ನೆನೆಯುತ್ತೇನೆ. ಆ ರೈಲು ಹತ್ತುವ ನಮ್ಮನ್ನು ಯಾವುದೋ ಊರಿನ ಯಾವನೋ ಕವಿ ಗುಂಪೆಂದು ಕರೆದಾನೆಂದು ಯಾರಿಗೂ ಅನ್ನಿಸಿರಲಿಲ್ಲ. ಗುಂಪನ್ನು ಎಣಿಸುವಾಗ ಪ್ರತಿಯೊಬ್ಬನೂ ತನ್ನನ್ನು ಬಿಟ್ಟೇ ಎಣಿಸುತ್ತಾನೆ.

ನನ್ನನ್ನೂ ಸೇರಿಸಿ ಎಣಿಸಿದವರು ಬೇಗನೆ ಸಿಕ್ಕಿದರು. ಪ್ರವಾಸದಿಂದ ಬಂದ ಕೆಲವೇ ದಿನಗಳಿಗೆ ವಿದ್ಯಾರ್ಥಿಗಳನ್ನು ಹುಮನಾಬಾದ್ ತಾಲ್ಲೂಕಿನ ಜಲಸಂಗಿಗೆ ಕರೆದೊಯ್ದಿದ್ದೆ. ಅಲ್ಲಿಯ ಚಾಲುಕ್ಯರ ಕಾಲದ ಶಿವಾಲಯದ ಗೋಡೆಯ ಮೇಲೆ ಶಾಸನ ಬರೆಯುತ್ತಿರುವ ಶಿಲಾಬಾಲಿಕೆ ಇದ್ದಾಳೆ. ವಿಕ್ರಮಾದಿತ್ಯನ ಹೊಗಳಿಕೆ ಅವಳ ಕೈಬರಹ. ಹುಡುಗರು ಅದನ್ನು ಓದಲು ಹೆಣಗುತ್ತಿದ್ದಾಗ ದೂರದ ಪಟ್ಟಣದಿಂದ ಕಾರಿನಲ್ಲಿ ಬಂದಿದ್ದ ನಾಲ್ವರು, “ಸ್ವಲ್ಪ ಸರಿಯುತ್ತೀರಾ? ಜನವಿಲ್ಲದೆ ಒಂದು ಫೋಟೋ ಬೇಕಿತ್ತು” ಎಂದರು. ವಿನಯವಾಗಿಯೇ ಕೇಳಿದರು. ನಾವು ಸರಿದೆವು, ಕಟ್ಟೆಯ ಮೇಲೆ ಕುಳಿತಿದ್ದ ಊರ ಮುದುಕರೂ ಎದ್ದರು. ಅಳಿವೆಯ ಹೆಂಗಸರು ನನಗೆ ನೆನಪಾದದ್ದು ಆಗ.

ಹಾಗಾದರೆ ಎಷ್ಟು ಜನ ಬಂದರೂ ಬರಲಿ ಎನ್ನೋಣವೆ? ಅದೂ ಸರಿಯಲ್ಲ. ಅಳಿವೆಯಂಥ ನವಿರಾದ ನೆಲ ಸಾವಿರ ಕಾಲುಗಳ ತುಳಿತವನ್ನು ತಾಳಲಾರದು. ಒಂದು ಮಿತಿ ಬೇಕು. ಆದರೆ ಮಿತಿ ಎಂಬುದು ಹಣದ ಚೀಲದ ಉದ್ದವಾಗಬಾರದು, ಮೊದಲೇ ಹೋಗಿ ಕುಳಿತವರ ಇಷ್ಟವೂ ಆಗಬಾರದು. ಬಳಚು ತೆಗೆಯುವವರಿಗೆ ಕಡಲೇ ಒಂದು ಕಟ್ಟಳೆ ಹಾಕಿದೆ: ಇಳಿತಕ್ಕೆ ಇಳಿ, ಉಬ್ಬರಕ್ಕೆ ಏಳು. ಆ ಕಟ್ಟಳೆ ಎಲ್ಲರಿಗೂ ಒಂದೇ. ನೋಡಬಂದ ನಮಗೂ ಅಂಥ ಒಂದು ಸರದಿ ಇದ್ದರೆ, ನಮ್ಮ ಸರದಿಗೆ ಕಾದು, ನೋಡಿ, ಮುಂದಿನವನಿಗೆ ಜಾಗ ಬಿಟ್ಟು ಬಂದರೆ, ಆ ಮಿತಿಗೆ ನಾಚಬೇಕಾದದ್ದಿಲ್ಲ.

ಕಲ್ಯಾಣದಲ್ಲಿ ಪಾಠ ಹೇಳುವವನು ಅನುಭವ ಮಂಟಪದ ಮಾತೆತ್ತದೆ ಇರಲಾರ. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿಗೆ ಬಂದವರು ಕಡಮೆ ಜನವಲ್ಲ. ಆದರೂ ನಮಗೆ ಅವರು ಗುಂಪಾಗಿ ಉಳಿದಿಲ್ಲ: ನುಲಿಯ ಚಂದಯ್ಯ, ಮಡಿವಾಳ ಮಾಚಯ್ಯ, ಮೋಳಿಗೆ ಮಾರಯ್ಯ. ಪ್ರತಿಯೊಬ್ಬನಿಗೂ ಒಂದು ಕಸುಬು, ಒಂದು ಹೆಸರು, ಒಂದು ಮಾತು. ದೋಣಿ ನಡೆಸುವ ಅಂಬಿಗರ ಚೌಡಯ್ಯನೂ ಅವರಲ್ಲೊಬ್ಬ. ಇಪ್ಪತ್ತು ವರ್ಷದಿಂದ ಚೌಡಯ್ಯನ ವಚನಗಳನ್ನು ಕಲಿಸುತ್ತ ಬಂದ ನಾನು, ಒಂದಿಡೀ ದಿನ ನನ್ನನ್ನು ನೀರಿನ ಮೇಲೆ ತೇಲಿಸಿದ ಅಂಬಿಗನ ಹೆಸರು ಕೇಳದೆ ಬಂದೆ. ಚಿಕ್ಕ ತಂಡಕ್ಕೆ ಒಂದು ಅರ್ಥವಿದ್ದರೆ ಅದು ಇದೇ ಆಗಿತ್ತು: ಎಂಟೇ ಜನವಾದ್ದರಿಂದ ಮಾತಾಡಿಸಲು, ಹೆಸರು ತಿಳಿಯಲು ಬಿಡುವಿತ್ತು. ಆ ಬಿಡುವನ್ನು ನಾವು ಚಿತ್ರ ತೆಗೆಯುವುದಕ್ಕೆ ಖರ್ಚು ಮಾಡಿದೆವು.

ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ. ನೂಕುನುಗ್ಗಲಿಗೆ ಹೆದರಿ ನಾನು ಹೋಗುವುದನ್ನು ಬಿಟ್ಟು ಬಹಳ ವರ್ಷವಾಗಿತ್ತು. ಈ ಸಲ ಕಾಕಾ ಕರೆದರು, ಹೋದೆ. ಹತ್ತು ಹೆಜ್ಜೆಗೊಮ್ಮೆ ನಿಂತು ಒಬ್ಬನ ಎತ್ತಿನ ಯೋಗಕ್ಷೇಮ, ಇನ್ನೊಬ್ಬಳ ಮಗಳ ಬಾಣಂತನ, ಮತ್ತೊಬ್ಬನ ಹಳೆಯ ಬಾಕಿ ವಿಚಾರಿಸುತ್ತ ನಡೆದರು. ನಲವತ್ತು ವರ್ಷದ ಬಟ್ಟೆಯಂಗಡಿಯ ಗಿರಾಕಿಗಳೆಲ್ಲ ಅಲ್ಲಿದ್ದರು. “ಗದ್ದಲ ಬಹಳ ಆಯಿತಲ್ಲ ಕಾಕಾ?” ಎಂದೆ. ಅವರು ಸುತ್ತ ನೋಡಿ, “ಎಲ್ಲಾ ನಮ್ಮವ್ರೇ ಇದ್ದಾರಲ್ರಿ” ಎಂದರು.

ಅಲ್ಲಿಯೇ, ತೇರಿನ ಹತ್ತಿರ, ದೋಣಿಯ ವಿಷಯ ನಾನು ಹೇಳಿದ್ದು ಸುಳ್ಳೆಂದು ಒಪ್ಪಿಕೊಂಡೆ. “ಗೊತ್ತದ ಬಿಡ್ರಿ” ಎಂದು ಅವರು ಬೆಂಡು ಬತ್ತಾಸಿನ ಅಂಗಡಿಯತ್ತ ನಡೆದರು. ಮಳೆಗಾಲ ಮುಗಿದ ಮೇಲೆ ಅವರನ್ನು ತದಡಿಗೆ ಕರೆದೊಯ್ಯುವುದೆಂದು ಗೊತ್ತುಮಾಡಿದ್ದೇನೆ. ಈ ಸಲ ಬಾರ್ಜಿನಲ್ಲಿ. ಅವರ ಮೊಣಕಾಲು ಒಪ್ಪಬೇಕು.