ದೇವರು ಅವರಿಗೆ ಬುದ್ಧಿ ಕೊಡಲಿ

‘ದೇವರು ಅವರಿಗೆ ಒಳ್ಳೆ ಬುದ್ಧಿ ಕೊಡಲಿ’ ಎನ್ನುವುದು ನಮ್ಮಲ್ಲಿ ಪ್ರಾರ್ಥನೆಯೋ ಬೈಗುಳವೋ ಹೇಳುವುದು ಕಷ್ಟ. ನಾನು ಕೇಳಿರುವ ಮಟ್ಟಿಗೆ ಹೆಚ್ಚಾಗಿ ಬೈಗುಳವೇ. ಮಾತು ಬಿಟ್ಟ ಓರಗಿತ್ತಿಯ ಬಗ್ಗೆ, ಹೊಲದ ಬದು ಒತ್ತಿದ ದಾಯಾದಿಯ ಬಗ್ಗೆ ಹೇಳುವ ಮಾತು ಅದು. ಕೈ ಮುಗಿದಿರುತ್ತದೆ, ಬಾಯಲ್ಲಿ ದೇವರ ಹೆಸರಿರುತ್ತದೆ, ಆದರೆ ಬುದ್ಧಿ ಬೇಕಾಗಿರುವುದು ನಮಗಲ್ಲ ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಎಲ್ಲೋ ಕೋಮುಗಲಭೆಯಾದ ಮಾರನೇ ದಿನ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಸಾಲುಗಟ್ಟುವ ಕೈಮುಗಿದ ಚಿತ್ರಗಳ ಧಾಟಿಯೂ ಇದೇ.

ಹಾಗಾದರೆ ನಮ್ಮದಲ್ಲದ ಸಮುದಾಯಕ್ಕಾಗಿ, ಅದರಲ್ಲೂ ರಕ್ತ ಹರಿದ ಮೇಲೆ, ಪ್ರಾಮಾಣಿಕವಾಗಿ ಪ್ರಾರ್ಥಿಸಲು ಸಾಧ್ಯವೇ? ನಾನು ಕ್ರೈಸ್ತನಲ್ಲ, ಪ್ರಾರ್ಥನೆಯಲ್ಲಿ ಪಳಗಿದವನೂ ಅಲ್ಲ. ಆದರೂ ಈ ಪ್ರಶ್ನೆ ಬಂದಾಗಲೆಲ್ಲ ಅಲ್ಜೀರಿಯಾದ ತಿಬಿರೀನ್ ಎಂಬ ಹಳ್ಳಿಯ ಕ್ರೈಸ್ತ ಮಠ ನೆನಪಾಗುತ್ತದೆ. 2010ರ ‘ಆಫ್ ಗಾಡ್ಸ್ ಅಂಡ್ ಮೆನ್’ ಸಿನಿಮಾ ನೋಡಿದವರಿಗೆ ಈ ಕಥೆ ಗೊತ್ತು.

ಅಟ್ಲಾಸ್ ಬೆಟ್ಟಗಳ ನಡುವೆ, ಮೆದೇಯಾ ಪಟ್ಟಣದ ಹತ್ತಿರ ಇರುವ ಈ ಮಠದಲ್ಲಿದ್ದವರು ಟ್ರ್ಯಾಪಿಸ್ಟ್ ಪಂಥದ ಫ್ರೆಂಚ್ ಸನ್ಯಾಸಿಗಳು. ಸುತ್ತಲಿನವರೆಲ್ಲ ಮುಸ್ಲಿಮರು. ಲ್ಯುಕ್ ಎಂಬ ವೈದ್ಯ ಸನ್ಯಾಸಿ 1946ರಿಂದ ಅಲ್ಲೇ ಇದ್ದು ಬಂದವರಿಗೆಲ್ಲ ಔಷಧಿ ಕೊಡುತ್ತಿದ್ದರು. ಮತಾಂತರದ ಗೋಜಿಗೆ ಹೋದವರಲ್ಲ. ಮಠದ ಆವರಣದಲ್ಲೇ ಒಂದು ಕೋಣೆಯನ್ನು ಹಳ್ಳಿಯವರ ನಮಾಜಿಗೆ ಬಿಟ್ಟುಕೊಟ್ಟಿದ್ದರು.

ಮಠದ ಮುಖ್ಯಸ್ಥ ಕ್ರಿಸ್ತಿಯಾನ್ ದ ಶೆರ್ಜೆ ಅಲ್ಜೀರಿಯಾಕ್ಕೆ ಸನ್ಯಾಸಿಯಾಗುವ ಮೊದಲೂ ಬಂದಿದ್ದವರು, ಅದೂ ಸೈನ್ಯದ ಸಮವಸ್ತ್ರದಲ್ಲಿ. ಸ್ವಾತಂತ್ರ್ಯ ಹೋರಾಟವನ್ನು ಹತ್ತಿಕ್ಕಲು ನಿಂತಿದ್ದ ಫ್ರೆಂಚ್ ಸೇನೆಯಲ್ಲಿ ಅವರು ಯುವ ಅಧಿಕಾರಿ. ಅಲ್ಲಿ ಮೊಹಮ್ಮದ್ ಎಂಬ ಹಳ್ಳಿಯ ಕಾವಲುಗಾರನ ಸ್ನೇಹವಾಯಿತು. ಆತ ಹತ್ತು ಮಕ್ಕಳ ತಂದೆ, ದೈವಭಕ್ತ. ಒಂದು ದಿನ ಹೋರಾಟಗಾರರು ಶೆರ್ಜೆಯ ಮೇಲೆ ಬಂದೂಕು ಎತ್ತಿದಾಗ ಮೊಹಮ್ಮದ್ ಅಡ್ಡ ನಿಂತು ಉಳಿಸಿದ. ನಿನಗಾಗಿ ಪ್ರಾರ್ಥಿಸುತ್ತೇನೆ ಎಂದ ಗೆಳೆಯನಿಗೆ ಅವನು, ನೀನು ಪ್ರಾರ್ಥಿಸುತ್ತೀಯ ಅಂತ ಗೊತ್ತು, ಆದರೆ ಕ್ರೈಸ್ತರಿಗೆ ಪ್ರಾರ್ಥನೆ ಮಾಡಲು ಬರುವುದಿಲ್ಲವಲ್ಲ ಎಂಬರ್ಥದ ಮಾತು ಹೇಳಿದನಂತೆ. ಮರುದಿನ ಅವನ ಹೆಣ ಬಾವಿಯ ಬಳಿ ಸಿಕ್ಕಿತು.

ಇಡೀ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಈ ಘಟನೆ. ಸನ್ಯಾಸಿಯಾಗಿ ಶೆರ್ಜೆ ಮತ್ತೆ ಅಲ್ಜೀರಿಯಾಕ್ಕೆ ಬಂದದ್ದು ಸಾಲಗಾರನಾಗಿ. ಮುಸ್ಲಿಮರಿಗಾಗಿ ಮಾಡಿದ ಅವರ ಪ್ರಾರ್ಥನೆಯಲ್ಲಿ ಮೇಲಿನಿಂದ ಕೆಳಕ್ಕೆ ಸುರಿಯುವ ಕರುಣೆ ಇರಲು ಸಾಧ್ಯವಿರಲಿಲ್ಲ. ತನಗಾಗಿ ಒಬ್ಬ ಮುಸ್ಲಿಮ್ ಪ್ರಾಣ ಕೊಟ್ಟಿರುವಾಗ, ‘ಅವರಿಗೆ ಬುದ್ಧಿ ಕೊಡು’ ಅಂತ ಯಾವ ಬಾಯಲ್ಲಿ ಕೇಳುವುದು?

1990ರ ದಶಕದಲ್ಲಿ ಆ ದೇಶ ಅಂತರ್ಯುದ್ಧಕ್ಕೆ ಬಿತ್ತು. ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹುತೇಕರು ಮುಸ್ಲಿಮರೇ. 1993ರ ಡಿಸೆಂಬರಿನಲ್ಲಿ ಮಠದಿಂದ ತುಸು ದೂರದಲ್ಲಿ ಕ್ರೊಯೇಷಿಯಾದ 12 ಕೆಲಸಗಾರರ ಕತ್ತು ಕೊಯ್ದರು. ಆ ಕೃತ್ಯದ ಹಿಂದಿದ್ದ ಸಯಾಹ್ ಅತ್ತಿಯಾ ಕ್ರಿಸ್ಮಸ್ ಹಿಂದಿನ ರಾತ್ರಿ ಆಯುಧ ಹಿಡಿದವರೊಂದಿಗೆ ಮಠಕ್ಕೇ ಬಂದ. ಹಣ ಕೊಡಿ, ಔಷಧಿ ಕೊಡಿ, ವೈದ್ಯರನ್ನು ಕಳಿಸಿ ಎಂದ. ವೈದ್ಯರಿಗೆ ವಯಸ್ಸಾಗಿದೆ, ಗಾಯಾಳುಗಳು ಇಲ್ಲಿಗೆ ಬಂದರೆ ನೋಡುತ್ತಾರೆ ಎಂದರು ಶೆರ್ಜೆ. ಶಾಂತಿಯ ರಾಜಕುಮಾರ ಹುಟ್ಟಿದ ಹಬ್ಬದಂದು ಆಯುಧ ತಂದದ್ದಕ್ಕೆ ಆಕ್ಷೇಪವನ್ನೂ ಎತ್ತಿದರು. ಅತ್ತಿಯಾ ಹೊರಟುಹೋದ.

ಆಮೇಲೆ ಈ ಮನುಷ್ಯನಿಗಾಗಿ ಏನೆಂದು ಪ್ರಾರ್ಥಿಸುವುದು ಎಂಬ ಪ್ರಶ್ನೆ ಶೆರ್ಜೆಯನ್ನು ಕಾಡಿತು. ಅವನನ್ನು ಕೊಲ್ಲು ಎಂದು ದೇವರನ್ನು ಕೇಳುವಂತಿಲ್ಲ. ಅವನ ಆಯುಧ ಕೆಳಗಿಳಿಸು ಎಂದು ಕೇಳಬಹುದು. ಆದರೆ ನನ್ನ ಆಯುಧವನ್ನೂ ನಮ್ಮೆಲ್ಲರ ಆಯುಧವನ್ನೂ ಮೊದಲು ಇಳಿಸು ಎಂದು ಕೇಳದೆ, ಅವನ ಬಗ್ಗೆ ಹಾಗೆ ಕೇಳುವ ಹಕ್ಕು ನನಗಿದೆಯೇ? ಬರಿಗೈಯ ಸನ್ಯಾಸಿಗೆ ಎಲ್ಲಿಯ ಆಯುಧ ಅನ್ನಬಹುದು. ಭಯ, ದ್ವೇಷ, ‘ನಾವು ಒಳ್ಳೆಯವರು’ ಎಂಬ ಠೇಂಕಾರ, ಇವೆಲ್ಲ ಬಂದೂಕಿಲ್ಲದವರ ಬಂದೂಕುಗಳೇ ತಾನೆ?

ಅದೇ ಹೊತ್ತಿನಲ್ಲಿ ಅವರು ಒಂದು ಪತ್ರ ಬರೆದಿಟ್ಟರು, ತಾನು ಕೊಲೆಯಾದರೆ ತೆರೆಯಲೆಂದು. ತನ್ನನ್ನು ಕೊಲ್ಲುವವನಿಗೂ ಅದರಲ್ಲಿ ಕೃತಜ್ಞತೆ ಇದೆ, ಎಲ್ಲರೂ ಎತ್ತಿ ಹೇಳುವುದು ಅದನ್ನೇ. ನನಗೆ ಅದಕ್ಕಿಂತ ಮುಖ್ಯ ಎನಿಸುವುದು ಅವರ ಆತಂಕ: ತನ್ನ ಸಾವನ್ನು ಅಲ್ಜೀರಿಯನ್ನರ ಮೇಲೆ, ಇಸ್ಲಾಮಿನ ಮೇಲೆ ಹೊರಿಸುವ ಆರೋಪಕ್ಕೆ ಬಳಸಿಕೊಂಡಾರು ಎಂಬುದು. ಹೆಸರಿಲ್ಲದೆ ಸತ್ತ ಸಾವಿರಾರು ಮಂದಿಯ ಸಾವುಗಳ ಜೊತೆ ತನ್ನದನ್ನೂ ಸೇರಿಸಿ ನೋಡಿ ಎಂದರು. 1996ರ ಮಾರ್ಚ್ 27ರ ನಸುಕಿನಲ್ಲಿ 7 ಸನ್ಯಾಸಿಗಳ ಅಪಹರಣವಾಯಿತು. ಮೇ ಕೊನೆಗೆ ಅವರ ತಲೆಗಳಷ್ಟೇ ಸಿಕ್ಕವು.

ಇಲ್ಲೊಂದು ತಕರಾರು ಏಳಬೇಕು. ಹೀಗೆ ಕ್ಷಮಿಸುತ್ತಾ ಹೋದರೆ ನ್ಯಾಯದ ಗತಿಯೇನು? ಅಲ್ಜೀರಿಯಾದ ಸರ್ಕಾರವೂ ಕ್ಷಮೆಯ ಮಾತನ್ನೇ ಆಡಿತು. 1999ರಲ್ಲಿ ಒಂದು ಕಾನೂನು, 2005ರಲ್ಲಿ ಜನಮತಗಣನೆ, ಮರುವರ್ಷ ಅದರ ಜಾರಿ ಆದೇಶ. ಬಂಡುಕೋರರು ಬಹುಮಟ್ಟಿಗೆ ಪಾರಾದರು, ಭದ್ರತಾ ಪಡೆಗಳ ಮೇಲೆ ದೂರು ಕೊಡುವ ದಾರಿ ಮುಚ್ಚಿತು, ಹಳೆಯ ಗಾಯ ಕೆದಕಿ ಸರ್ಕಾರಕ್ಕೆ ಕಳಂಕ ತಂದರೆ ಜೈಲು ಎಂದಾಯಿತು. ನಮ್ಮ ಆಫೀಸಿನ ಭಾಷೆಯಲ್ಲಿ, ದೋಷ ಎಲ್ಲಿದೆ ಎಂದು ಹುಡುಕದೆಯೇ ಟಿಕೆಟ್ ಕ್ಲೋಸ್ ಮಾಡಿದಂತೆ. ರಿಪೋರ್ಟಿನಲ್ಲಿ ಎಲ್ಲ ಹಸಿರು. ಆದರೆ ಪೊಲೀಸರೋ ಸೈನಿಕರೋ ಎಳೆದೊಯ್ದ ಮಕ್ಕಳ ಫೋಟೋ ಹಿಡಿದು ತಾಯಂದಿರು ಬೀದಿಯಲ್ಲಿ ನಿಂತೇ ಇದ್ದರು. ಮಗ ಎಲ್ಲಿ, ಸತ್ತಿದ್ದರೆ ಗೋರಿ ಎಲ್ಲಿ ಎಂದಷ್ಟೇ ಅವರ ಪ್ರಶ್ನೆ.

ಶೆರ್ಜೆ ಕ್ಷಮಿಸಿದ್ದು ತನ್ನ ಸಾವನ್ನು, ತನ್ನೊಬ್ಬನ ಹೆಸರಿನಲ್ಲಿ. ಆ ತಾಯಂದಿರ ಪರವಾಗಿ ಕ್ಷಮಿಸುವ ಅಧಿಕಾರ ಅವರಿಗಿರಲಿಲ್ಲ, ಸರ್ಕಾರಕ್ಕೂ ಇರಲಿಲ್ಲ. ಕ್ಷಮೆಗೂ ಸತ್ಯಕ್ಕೂ ಜಗಳವಿದೆ ಎಂದು ತಿಬಿರೀನಿನ ಕಡೆಯವರು ತಿಳಿದಂತೆ ಕಾಣುವುದಿಲ್ಲ. ಸನ್ಯಾಸಿಗಳನ್ನು ಕೊಂದದ್ದು ನಿಜಕ್ಕೂ ಯಾರು ಎಂಬ ಅನುಮಾನ ಬೆಳೆದಾಗ, 2003ರಲ್ಲಿ ಫ್ರಾನ್ಸಿನ ನ್ಯಾಯಾಲಯದ ಮೆಟ್ಟಿಲೇರಿದವರು ಸತ್ತವರೊಬ್ಬರ ಮನೆಯವರು ಮತ್ತು ಅವರದೇ ಪಂಥದ ಒಬ್ಬ ಹಿರಿಯ ಸನ್ಯಾಸಿ. 2014ರಲ್ಲಿ ಮಠದ ಗೋರಿಗಳನ್ನು ಅಗೆದು ಪರೀಕ್ಷಿಸಿದರು. ಉತ್ತರದ ಬಗ್ಗೆ ವಾದ ಇನ್ನೂ ಮುಗಿದಿಲ್ಲ.