ಮಗುವಿನ ಮದ್ದು, ಹಿರಿಯರ ಋಣ

ದೊಡ್ಡವರ ಮಾತ್ರೆಯೊಂದನ್ನು ಚಾಕುವಿನಿಂದ ನಾಲ್ಕು ಹೋಳು ಮಾಡಿ, ಒಂದು ಹೋಳನ್ನು ಚಮಚದ ಬೆನ್ನಿನಿಂದ ಅರೆದು, ಸಕ್ಕರೆ ನೀರಿನಲ್ಲಿ ಕಲಸಿ ಮಗುವಿನ ಬಾಯಿಗೆ ಹಾಕಿದಾಗ ಅಲ್ಲಿ ಚಿಕಿತ್ಸೆಯ ಜೊತೆಗೆ ಒಂದು ಪ್ರಯೋಗವೂ ನಡೆದಿರುತ್ತದೆ. ನಾಲ್ಕೂ ಹೋಳುಗಳಲ್ಲಿ ಮದ್ದು ಸಮನಾಗಿ ಹಂಚಿಹೋಗಿದೆ ಎಂಬ ಖಾತ್ರಿಯಿಲ್ಲ. ಮೇಲಿನ ಲೇಪ ಒಡೆದಿರುವುದರಿಂದ ಕಹಿ ನೇರವಾಗಿ ನಾಲಿಗೆಗೆ ತಾಗಿ ಮಗು ಅರ್ಧ ಉಗುಳುತ್ತದೆ. ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು, ಇನ್ನೊಮ್ಮೆ ಕೊಡಬೇಕೆ ಬೇಡವೆ ಎಂಬುದನ್ನೆಲ್ಲ ತಾಯಿಯೇ ಅಂದಾಜಿನ ಮೇಲೆ ತೀರ್ಮಾನಿಸಬೇಕು. ಈ ಪ್ರಯೋಗಕ್ಕೆ ಯಾವ ನೈತಿಕ ಸಮಿತಿಯ ಒಪ್ಪಿಗೆಯೂ ಇಲ್ಲ, ದಾಖಲೆಯೂ ಇಲ್ಲ. ಅದರಿಂದ ಮುಂದಿನ ಮಗುವಿಗೆ ದಕ್ಕುವ ಪಾಠವೂ ಇಲ್ಲ. ಔಷಧ ಕಾನೂನು ಬಿಗಿಯಾದಂತೆಲ್ಲ ಕಂಪನಿಗಳು ಮಕ್ಕಳ ಮೇಲೆ ಪರೀಕ್ಷೆ ನಡೆಸುವ ಗೋಜಿಗೇ ಹೋಗದೆ, ಮಕ್ಕಳಲ್ಲಿ ಬಳಕೆಗೆ ಶಿಫಾರಸು ಇಲ್ಲವೆಂದು ಲೇಬಲ್ಲಿನ ಮೇಲೆ ಬರೆದು ಕೈತೊಳೆದುಕೊಂಡವು. ಅಮೆರಿಕದ ಮಕ್ಕಳ ವೈದ್ಯ ಹ್ಯಾರಿ ಶರ್ಕಿ 1960ರ ದಶಕದಲ್ಲೇ ಇಂಥ ಮಕ್ಕಳನ್ನು ಚಿಕಿತ್ಸೆಯ ಅನಾಥರೆಂದು ಕರೆದಿದ್ದರು. ಮಗುವನ್ನು ಪ್ರಯೋಗದಿಂದ ಕಾಪಾಡಬೇಕೆಂಬ ನಮ್ಮ ಕಾಳಜಿಯೇ ಅದನ್ನು ಕೊನೆಯಿಲ್ಲದ, ಲೆಕ್ಕಕ್ಕೆ ಸಿಗದ ಪ್ರಯೋಗಕ್ಕೆ ಒಡ್ಡಿದೆ. ಹಾಗಾದರೆ ಮಗುವಿಗೆ ಒಪ್ಪುವ ಮದ್ದನ್ನು ಹುಡುಕುವುದು ಯಾರ ಹೊಣೆ, ಯಾವ ಧರ್ಮದ ಪ್ರಕಾರ?

ಮಗುವೆಂದರೆ ಅಳತೆ ಕಿರಿದಾದ ದೊಡ್ಡವನಲ್ಲ ಎಂಬುದನ್ನು ಆಧುನಿಕ ವೈದ್ಯಶಾಸ್ತ್ರ ಸಾವುಗಳಿಂದ ಕಲಿಯಿತು. 1937ರಲ್ಲಿ ಅಮೆರಿಕದ ಕಂಪನಿಯೊಂದು ಸಲ್ಫನಿಲಮೈಡ್ ಔಷಧಿಯನ್ನು ಕುಡಿಯುವ ರೂಪಕ್ಕೆ ತರಲು ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿತು. ರುಚಿ, ಬಣ್ಣ, ಪರಿಮಳ ಎಲ್ಲವನ್ನೂ ಪರೀಕ್ಷಿಸಿದರು, ವಿಷವೇ ಎಂಬುದೊಂದನ್ನು ಬಿಟ್ಟು. ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಅನೇಕರು ಮಕ್ಕಳು. 1950ರ ದಶಕದ ಕೊನೆಯಲ್ಲಿ, ಕ್ಲೋರಾಂಫೆನಿಕಾಲ್ ಕೊಟ್ಟ ನವಜಾತ ಶಿಶುಗಳು ಬೂದಿ ಬಣ್ಣಕ್ಕೆ ತಿರುಗಿ ಸಾಯುತ್ತಿರುವುದು ಬೆಳಕಿಗೆ ಬಂತು; ಆ ಮದ್ದನ್ನು ಅರಗಿಸಿ ಹೊರಹಾಕುವ ಶಕ್ತಿ ಅವುಗಳ ಯಕೃತ್ತಿಗೆ ಇನ್ನೂ ಬಂದಿರಲಿಲ್ಲ. 2022ರಲ್ಲಿ ಗ್ಯಾಂಬಿಯಾದ ಸುಮಾರು 70 ಮಕ್ಕಳು, 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಕಡೆಯ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಕೆಮ್ಮಿನ ಸಿರಪ್ಪಿನಿಂದ ಸತ್ತಾಗಲೂ ಹೆಸರು ಕೇಳಿಬಂದದ್ದು ಅದೇ 1937ರ ರಾಸಾಯನಿಕದ್ದು. ಅಂದು ಅಜ್ಞಾನ, ಇಂದು ನಿರ್ಲಕ್ಷ್ಯ. ಆದರೆ ಮಕ್ಕಳ ಔಷಧವೆಂದರೆ ದೊಡ್ಡವರ ಔಷಧಕ್ಕೆ ಸಿಹಿ ಬೆರೆಸಿದ್ದು ಎಂಬ ಉದಾಸೀನ ಎರಡಕ್ಕೂ ತಳಹದಿ. ನಮ್ಮ ಹಳೆಯ ವೈದ್ಯಕ್ಕೆ ಈ ಉದಾಸೀನ ಇರಲಿಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ಕೌಮಾರಭೃತ್ಯ ಒಂದು. ಹಾಲು ಕುಡಿಯುವ ಕೂಸಿಗೆ ಎರಡು ಬೆರಳ ಗೆಣ್ಣಿನಲ್ಲಿ ಹಿಡಿಯುವಷ್ಟು, ಹಾಲು-ಅನ್ನ ಎರಡನ್ನೂ ಉಣ್ಣುವ ಮಗುವಿಗೆ ಬೋರೆಹಣ್ಣಿನ ಬೀಜದಷ್ಟು, ಅನ್ನ ಉಣ್ಣುವ ಮಗುವಿಗೆ ಬೋರೆಹಣ್ಣಿನಷ್ಟು ಎಂದು ಸುಶ್ರುತ ಪ್ರಮಾಣ ಹೇಳುತ್ತಾನೆ. ಮದ್ದಿನ ಕಲ್ಕವನ್ನು ಮೊಲೆಗೆ ಸವರಿ ಕೂಸಿಗೆ ಕುಡಿಸುವ ವಿಧಾನವನ್ನೂ ಹೇಳುತ್ತಾನೆ. ಆ ಮದ್ದುಗಳೆಲ್ಲ ರೋಗ ವಾಸಿಮಾಡುತ್ತಿದ್ದವೆಂದು ನಾನು ವಾದಿಸುತ್ತಿಲ್ಲ. ಯಾವ ಮದ್ದು ಎಂಬಷ್ಟೇ ಮುಖ್ಯವಾದ ಪ್ರಶ್ನೆ ಹೇಗೆ ಕೊಡುವುದು ಎಂಬುದು, ಆ ಪ್ರಶ್ನೆಯನ್ನು ಅವರು ಕೇಳಿದ್ದರು. ಬಾಣಂತಿ ಮನೆಯ ಒಳಲೆ, ತೇಯುವ ಕಲ್ಲು ಎಲ್ಲ ಆ ಪ್ರಶ್ನೆಗೆ ನಮ್ಮ ಮನೆಗಳು ಕಂಡುಕೊಂಡ ಉತ್ತರಗಳೇ.

ಆದರೆ ಹೊಸ ಉತ್ತರ ಬೇಕೆಂದರೆ ಪರೀಕ್ಷೆ ಬೇಕು. ಪರೀಕ್ಷೆಯೆಂದರೆ ಯಾವುದೋ ಮಗುವಿನ ಮೈ. ಇಲ್ಲಿ ಒಂದು ಗಟ್ಟಿ ಧಾರ್ಮಿಕ ಆಕ್ಷೇಪವಿದೆ. ಪ್ರಿನ್ಸ್‌ಟನ್ನಿನ ಮೆಥಡಿಸ್ಟ್ ಚಿಂತಕ ಪಾಲ್ ರ‍್ಯಾಮ್ಸೆ 1970ರಲ್ಲಿ ವಾದಿಸಿದ್ದು ಹೀಗೆ: ತನಗೆ ನೇರ ಪ್ರಯೋಜನವಿಲ್ಲದ ಸಂಶೋಧನೆಗೆ ಮಗು ಒಪ್ಪಿಗೆ ಕೊಡಲಾರದು, ಅದರ ಪರವಾಗಿ ಒಪ್ಪಿಗೆ ಕೊಡುವ ಹಕ್ಕು ತಂದೆತಾಯಿಗೂ ಇಲ್ಲ. ಅಪಾಯ ಇಲ್ಲದಿದ್ದರೂ ಅದು ಮಗುವನ್ನು ಸಾಧನವಾಗಿಸುತ್ತದೆ. ಜೆಸ್ಯೂಟ್ ಪಾದ್ರಿ ರಿಚರ್ಡ್ ಮೆಕಾರ್ಮಿಕ್ 1974ರಲ್ಲಿ ಇದಕ್ಕೆ ಉತ್ತರಿಸಿದರು. ಅಲ್ಪ ಅಪಾಯದಲ್ಲಿ ಇತರರಿಗೆ ನೆರವಾಗುವುದು ಎಲ್ಲ ಮನುಷ್ಯರ ಕರ್ತವ್ಯ. ಮಗುವಿಗೆ ತಿಳಿವಳಿಕೆ ಇದ್ದಿದ್ದರೆ ಅದೂ ಒಪ್ಪಲೇಬೇಕಾಗಿತ್ತು, ಆದ್ದರಿಂದ ಒಪ್ಪಿಗೆ ಇದೆಯೆಂದೇ ಭಾವಿಸಬಹುದು ಎಂದರು. ಕರ್ತವ್ಯದ ಹೊರೆ ಹೊರಿಸಿದರೆ ಮಗುವನ್ನು ಮಗುವಾಗಿ ಕಾಣದೆ ಪುಟ್ಟ ವಯಸ್ಕನಾಗಿ ಕಂಡಂತಾಯಿತು ಎಂದು ರ‍್ಯಾಮ್ಸೆ ಮರುಮಾತು ಹಾಕಿದರು. ಈ ಮರುಮಾತು ನನಗೆ ನಿಜವೆನಿಸುತ್ತದೆ. ಮೂರು ತಿಂಗಳ ಕೂಸಿಗೆ ಯಾರ ಬಗೆಗೂ ಕರ್ತವ್ಯವಿಲ್ಲ. ಹಾಗೆಂದು ಅದನ್ನು ಅಂದಾಜಿನ ಮದ್ದಿಗೆ ಬಿಟ್ಟುಬಿಡುವ ತೀರ್ಮಾನವನ್ನೂ ನಾನು ಒಪ್ಪಲಾರೆ.

ನಮ್ಮ ಪರಂಪರೆಯ ಋಣದ ಕಲ್ಪನೆ ಇಲ್ಲಿ ದಾರಿ ತೋರಿಸುತ್ತದೆ. ಮನುಷ್ಯ ಹುಟ್ಟುವಾಗಲೇ ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ, ಸಹಮಾನವರಿಗೆ ಋಣಿ ಎಂದು ಶತಪಥ ಬ್ರಾಹ್ಮಣ ಹೇಳುತ್ತದೆ. ಇದರಲ್ಲಿ ಪಿತೃಋಣದ ರೀತಿಯೇ ಬೇರೆ: ಅದನ್ನು ಕೊಟ್ಟವರಿಗೆ ಹಿಂದಿರುಗಿಸುವಂತಿಲ್ಲ, ಮುಂದಿನ ಸಂತತಿಗೆ ಸಲ್ಲಿಸಬೇಕು. ಇಂದಿನ ವಯಸ್ಕರೆಲ್ಲ ಒಂದು ಕಾಲದ ಮಕ್ಕಳು. ಪೋಲಿಯೋ ಹನಿಯಿಂದ ಹಿಡಿದು ನ್ಯುಮೋನಿಯಾದ ಮದ್ದಿನವರೆಗೆ ಯಾರೋ ಹಿಂದಿನವರ, ಅನೇಕ ಸಲ ಹಿಂದಿನ ಮಕ್ಕಳ, ಮೈಮೇಲೆ ನಡೆದ ಪರೀಕ್ಷೆಯ ಫಲ ಉಂಡವರು. ಋಣ ಹುಟ್ಟಿನಿಂದಲೇ ಬಂದರೂ ತೀರಿಸಬೇಕಾದ ಸಾಲ ವಯಸ್ಕರದು. ಹಾಗಾದರೆ ನಮ್ಮ ಸಾಲಕ್ಕೆ ಕೂಸಿನ ಮೈಯನ್ನು ಒತ್ತೆಯಿಡಬಹುದೆ ಎಂದು ರ‍್ಯಾಮ್ಸೆ ಕೇಳಬಹುದು. ಸಂಶೋಧನೆಗಳಲ್ಲಿ ಒಂದು ಬಗೆ ಈ ಪ್ರಶ್ನೆಯ ಕಾಠಿಣ್ಯವನ್ನು ಬಹಳಷ್ಟು ಇಳಿಸುತ್ತದೆ: ಈಗಾಗಲೇ ಗೊತ್ತಿರುವ ಮದ್ದಿಗೆ ಮಕ್ಕಳಿಗೊಪ್ಪುವ ರೂಪ ಕೊಡುವ ಕೆಲಸ. ಕಹಿ ಮರೆಸುವುದು, ನೀರಿನಲ್ಲಿ ಕರಗುವ ಮಾತ್ರೆ ಮಾಡುವುದು, ಸೆಕೆಯಲ್ಲಿ ಕೆಡದಂತೆ ಕಾಪಾಡುವುದು, ಕಾಳಿನ ಗಾತ್ರದ ಗುಳಿಗೆ ಮಾಡುವುದು ಎಲ್ಲ ಪ್ರಯೋಗಾಲಯದ ಕೆಲಸ. ರುಚಿ ನೋಡುವವರು ವಯಸ್ಕ ಸ್ವಯಂಸೇವಕರಾಗಬಹುದು. ರಕ್ತದಲ್ಲಿ ಮದ್ದಿನ ಮಟ್ಟ ಅಳೆಯಲು ಮೊದಲು ಕೈಚಾಚುವವರೂ ಅವರೇ. ಹೊಸ ರೂಪ ಮಗುವಿನ ಬಳಿಗೆ ಬರುವ ಹೊತ್ತಿಗೆ ಅಪಾಯದ ಬಹುಪಾಲನ್ನು ದೊಡ್ಡವರು ಹೊತ್ತಾಗಿರುತ್ತದೆ, ಉಳಿದ ಪರೀಕ್ಷೆಯನ್ನು ಆ ಮದ್ದು ಹೇಗಿದ್ದರೂ ಬೇಕಾಗಿರುವ ರೋಗಿ ಮಗುವಿನಲ್ಲೇ ನಡೆಸಬಹುದು. ಅಲ್ಲಿ ರ‍್ಯಾಮ್ಸೆಯ ನಿಷೇಧಕ್ಕೂ ಎಡೆಯಿರುವುದಿಲ್ಲ. ಏಳು ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಮಾತು ಬಲ್ಲ ಮಗುವನ್ನು ಮಾತಾಡಿಸಬೇಕೆಂಬ ಸರಳ ಮರ್ಯಾದೆ ಅದು.

ಈ ಕೆಲಸಕ್ಕೆ ಲಾಭ ಕಡಿಮೆ, ಆದ್ದರಿಂದ ಮಾರುಕಟ್ಟೆ ತಾನಾಗಿ ಮಾಡುವುದಿಲ್ಲ. ಸಣ್ಣ ಅನುದಾನಗಳ ಜಾಗ ಇದು. ಗೇಟ್ಸ್ ಪ್ರತಿಷ್ಠಾನ 2008ರಿಂದ ಹೊಸ ಯೋಚನೆಗಳಿಗೆ ಒಂದು ಲಕ್ಷ ಡಾಲರಿನ ಆರಂಭಿಕ ಅನುದಾನ ಕೊಡುತ್ತ ಬಂತು. ನಮ್ಮಲ್ಲಿ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ನೆರವು ಸಂಸ್ಥೆ ಬೈರಾಕ್ 50 ಲಕ್ಷ ರೂಪಾಯಿವರೆಗೆ ಕೊಡುತ್ತದೆ, ಬೆಂಗಳೂರಿನ ಸಿ-ಕ್ಯಾಂಪ್ ಅದನ್ನು ಹಂಚುವ ಸಂಸ್ಥೆಗಳಲ್ಲೊಂದು. ಹೊಸ ಅಣುವೊಂದನ್ನು ಮಾರುಕಟ್ಟೆಗೆ ತರುವ ಖರ್ಚಿನ ಮುಂದೆ ಇದು ಏನೇನೂ ಅಲ್ಲ, ಆದರೆ ರೂಪ ಬದಲಿಸುವ ಯೋಚನೆ ನಿಜವೇ ಎಂದು ನೋಡಲು ಸಾಕು. 2008ರ ವಿನ್ಯಾಸ ಶಿಬಿರವೊಂದರಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಬೆಳೆದ ಸಾಧನವೊಂದು ಅಂಥ ಅನುದಾನದ ನೆರವು ಪಡೆಯಿತು. ಮೊಲೆತೊಟ್ಟಿನ ಮೇಲಿಡುವ ತೆಳುವಾದ ಸಿಲಿಕೋನ್ ಕವಚ, ಅದರೊಳಗೆ ಹಾಲಿಗೆ ಕರಗುವ ಮಾತ್ರೆ. ಕೂಸು ಚೀಪುತ್ತಿದ್ದಂತೆ ಮದ್ದು ಹಾಲಿನೊಡನೆ ಇಳಿಯುತ್ತದೆ. ಸುಶ್ರುತ ಹೇಳಿದ ದಾರಿಗೆ ಇಷ್ಟು ಹತ್ತಿರದ ಸಾಧನ ಸಾವಿರಾರು ವರ್ಷಗಳ ನಂತರ, ಅಳತೆಯ ಖಾತ್ರಿಯೊಂದಿಗೆ, ಮತ್ತೆ ಹುಟ್ಟಬೇಕಾಯಿತು. ಡ್ಯೂಕ್ ವಿಶ್ವವಿದ್ಯಾಲಯದ ಎಂಜಿನಿಯರುಗಳದು ಇನ್ನೊಂದು ಉಪಾಯ. ತಾಯಿಯಿಂದ ಎಚ್‌ಐವಿ ತಗಲದಂತೆ ಕೂಸಿಗೆ ಕೊಡುವ ದ್ರವ ಔಷಧದ ಒಂದೊಂದು ಡೋಸನ್ನು ಟೊಮೆಟೊ ಸಾಸಿನ ಪ್ಯಾಕೆಟ್ಟಿನಂಥ ಪೊಟ್ಟಣದಲ್ಲಿ ಮುಚ್ಚಿದರು. ಮದ್ದು ಒಂದು ವರ್ಷದವರೆಗೆ ಕೆಡುವುದಿಲ್ಲ. ಮನೆಯಲ್ಲೇ ಹೆರುವ ಹೆಣ್ಣು ಅದನ್ನು ಮೊದಲೇ ತಂದಿಟ್ಟುಕೊಂಡು, ಹೆತ್ತಕೂಡಲೇ ತುದಿ ಹರಿದು ಕೂಸಿನ ಬಾಯಿಗೆ ಹಿಂಡಬಹುದು.

ಕುಡಿಯುವ ನೀರಿಲ್ಲದ, ಲಸಿಕೆ ಮುಟ್ಟದ ಮಕ್ಕಳಿರುವಾಗ ಇಂಥ ಉಪಾಯಗಳಿಗೆ ಹಣ ಸುರಿಯುವುದು ಸರಿಯೆ ಎಂದು ಕೇಳುವವರ ಕಾಳಜಿ ನಿಜವಾದದ್ದು. ಆದರೆ ಮಕ್ಕಳ ಜೀವ ಉಳಿಸಿದ ಮದ್ದುಗಳಲ್ಲಿ ಬಹು ದೊಡ್ಡದಾದ ಓಆರ್‌ಎಸ್ ಹೊಸ ಅಣುವೇ ಅಲ್ಲ, ಕೊಡುವ ವಿಧಾನ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬೊನ್‌ಗಾಂವ್‌ನಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿದುಹೋದಾಗ, ವೈದ್ಯ ದಿಲೀಪ್ ಮಹಲನಾಬಿಸ್ ಅವರ ತಂಡ ಗ್ಲೂಕೋಸ್, ಅಡುಗೆ ಉಪ್ಪು, ಸೋಡಾಗಳನ್ನು ತೂಗಿ ಪಾಲಿಥೀನ್ ಚೀಲಗಳಲ್ಲಿ ಕಟ್ಟಿ ಕಳಿಸಿತು. ನೀರಿನಲ್ಲಿ ಕದಡಿ ಕುಡಿಸಿದವರು ರೋಗಿಗಳ ಮನೆಯವರೇ. ನೂರಕ್ಕೆ ಮೂವತ್ತರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ನಾಲ್ಕಕ್ಕಿಂತ ಕೆಳಗಿಳಿಯಿತು. ಯಾವ ಸಣ್ಣ ಉಪಾಯ ಮುಂದೆ ಹೀಗಾಗುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ, ಹಲವನ್ನು ಅಗ್ಗವಾಗಿ ಪರೀಕ್ಷಿಸುವುದೇ ವಿವೇಕ.

ಇನ್ನೊಂದು ಆಕ್ಷೇಪ ಇದಕ್ಕಿಂತ ನೋವಿನದು: ಸಣ್ಣ ಅನುದಾನದಿಂದ ಹುಟ್ಟಿದ ಮಾದರಿಗಳು ಬಹುಪಾಲು ವರದಿಯಲ್ಲೇ ಉಳಿಯುತ್ತವೆ. ಇದು ನಿಜ. ಮಾದರಿ ಮಗುವಿನ ಬಾಯಿ ತಲುಪಲು ಅನುದಾನದಾಚೆಗೂ ಕೆಲಸ ಬೇಕು. ಮಕ್ಕಳ ಎಚ್‌ಐವಿ ಸಿರಪ್ ಒಂದರಲ್ಲಿ ಶೇ 40ಕ್ಕೂ ಹೆಚ್ಚು ಮದ್ಯಸಾರ ಇತ್ತು, ಅಸಾಧ್ಯ ಕಹಿ, ಫ್ರಿಜ್ಜೂ ಬೇಕಿತ್ತು. ಅದರ ಬದಲಿಗೆ ನೀರಿನಲ್ಲಿ ಕರಗುವ, ಸ್ಟ್ರಾಬೆರಿ ರುಚಿಯ 10 ಮಿಲಿಗ್ರಾಂ ಡೊಲುಟೆಗ್ರಾವಿರ್ ಮಾತ್ರೆ 2020ರ ಕೊನೆಗೆ ಬಂತು. ಅದನ್ನೊಳಗೊಂಡ ಚಿಕಿತ್ಸೆ ವರ್ಷಕ್ಕೆ 120 ಡಾಲರಿಗಿಂತ ಕಡಿಮೆಗೆ ಸಿಗುವಂತಾದದ್ದು ಯುನಿಟೇಡ್‌ನಂಥ ಸಂಸ್ಥೆಗಳು ಜೆನೆರಿಕ್ ತಯಾರಕರ ಜೊತೆ ಬೆಲೆ ಮಾತಾಡಿದ್ದರಿಂದ. ಯೋಚನೆಗೆ ಕೊಟ್ಟ ದುಡ್ಡು ಮೊದಲ ಕಂತು ಮಾತ್ರ. ಕಂತು ಕಟ್ಟಿ ಕೈಬಿಟ್ಟರೆ ಸಾಲ ತೀರುವುದಿಲ್ಲ. ಆದ್ದರಿಂದ ಸಾರ್ವಜನಿಕ ಹಣ ಕೊಡುವವರು ಎರಡು ಷರತ್ತು ಹಾಕಲೇಬೇಕು ಎನ್ನುತ್ತೇನೆ. ಸೋತ ಪ್ರಯೋಗದ ಫಲಿತಾಂಶವನ್ನೂ ಪ್ರಕಟಿಸಬೇಕು, ಒಂದು ಕೂಸಿನ ರಕ್ತದ ಹನಿಯಿಂದ ಕಲಿತದ್ದು ಇನ್ನೊಂದು ಕೂಸಿನಲ್ಲಿ ಮತ್ತೆ ಕಲಿಯುವಂತಾಗಬಾರದು. ಗೆದ್ದರೆ, ಬಡ ದೇಶಗಳಲ್ಲಿ ಯಾರು ಬೇಕಾದರೂ ತಯಾರಿಸಲು ಪರವಾನಗಿ ತೆರೆದಿರಬೇಕು. ತಾನಾಗಿ ಆಗಲಿ ಎಂದು ಕಾದರೆ ಏನಾಗುತ್ತದೆಂಬುದು ಮಲೇರಿಯಾದ ಕಥೆಯಲ್ಲಿದೆ: ಆರ್ಟಿಮೀಥರ್-ಲ್ಯೂಮೆಫ್ಯಾಂಟ್ರಿನ್ ಮದ್ದಿನ ಕರಗುವ ಮಾತ್ರೆ ಮಕ್ಕಳಿಗೆ ಬಂದದ್ದು 2009ರಲ್ಲಿ, ಐದು ಕೆಜಿಗಿಂತ ಕಡಿಮೆ ತೂಕದ ಕೂಸುಗಳಿಗೆಂದೇ ರೂಪಿಸಿದ್ದಕ್ಕೆ ಸ್ವಿಟ್ಜರ್ಲೆಂಡ್ ಅನುಮತಿ ಕೊಟ್ಟದ್ದು 2025ರಲ್ಲಿ. ನಡುವಿನ ಹದಿನಾರು ವರ್ಷ ಆ ಕೂಸುಗಳಿಗೆ ಡೋಸು ಅಂದಾಜಿನದೇ ಆಗಿತ್ತು.