ಕಳೆದುಹೋದ ಲಕೋಟೆಯ ಹೊಣೆ

ಹಳೆಯ ಅಂಚೆಚೀಟಿ, ಮುದ್ರೆಯೊತ್ತಿದ ಲಕೋಟೆ, ನಾಣ್ಯಗಳನ್ನು ಸಂಗ್ರಹಿಸುವವರ ವ್ಯವಹಾರವು ನಂಬಿಕೆಯೊಂದರ ಮೇಲೆಯೇ ನಿಂತಿದೆ. ಬೆಳಗಾವಿಯ ಸಂಗ್ರಾಹಕನೊಬ್ಬನು ತನ್ನಲ್ಲಿ ಎರಡಿರುವ ಚೀಟಿಗಳಲ್ಲಿ ಒಂದನ್ನು ಜಯಪುರದವನಿಗೆ ಕೊಡಲೊಪ್ಪುತ್ತಾನೆ. ಜಯಪುರದವನು ಕಣ್ಣಾರೆ ಕಾಣದ ವಸ್ತುವಿಗೆ ಮುಂಗಡವಾಗಿ ಹಣ ಕಳುಹಿಸುತ್ತಾನೆ. ಇಬ್ಬರೂ ಒಬ್ಬರ ಮುಖವನ್ನೊಬ್ಬರು ಕಂಡವರಲ್ಲ. ಅವರ ನಡುವೆ ಮೂರನೆಯ ಪಕ್ಷವಾಗಿ ನಿಲ್ಲುವುದು ಅಂಚೆ. ಲಕೋಟೆ ಮುಟ್ಟಿದರೆ ಮಾತಿಲ್ಲ. ಮುಟ್ಟದಿದ್ದರೆ, ಅಥವಾ ತಿಂಗಳು ಕಳೆದ ಮೇಲೆ ನೆನೆದು, ಮಡಚಿ, ಅಂಚು ಹರಿದು ಮುಟ್ಟಿದರೆ, ಆ ನಷ್ಟವನ್ನು ಯಾರು ಹೊರಬೇಕು?

ಜೈನ ಮನೆತನಗಳಲ್ಲಿ ಈ ಹವ್ಯಾಸವುಳ್ಳವರಿಗೆ ಪ್ರಶ್ನೆಯು ಹೊಸದಲ್ಲ. 1935ರ ರಜತೋತ್ಸವ ಮಾಲೆಯಲ್ಲಿ ಕಲ್ಕತ್ತೆಯ ಜೈನ ಮಂದಿರದ ಚಿತ್ರವುಳ್ಳ ಒಂದೂಕಾಲು ಆಣೆಯ ಚೀಟಿ, 1949ರ ಮಾಲೆಯಲ್ಲಿ ಪಾಲಿತಾಣದ ಶತ್ರುಂಜಯದ ಹದಿನೈದು ರೂಪಾಯಿಯ ಚೀಟಿ, 1981ರ ಗೊಮ್ಮಟೇಶ್ವರನ ಚೀಟಿ ಇವುಗಳನ್ನು ಅರಸುವವರು ದೇಶದಾದ್ಯಂತ ಇದ್ದಾರೆ, ಹೊರದೇಶಗಳಲ್ಲಿಯೂ ಇದ್ದಾರೆ. ಇಂತಹ ಚೀಟಿಗಳೆಲ್ಲ ಕೈಯಿಂದ ಕೈಗೆ ಸೇರುತ್ತಿದ್ದುದು ರಿಜಿಸ್ಟರ್ಡ್ ಅಂಚೆಯ ಮೂಲಕ. ವಿಳಾಸದಾರನ ಕೈಗೇ, ಇಲ್ಲವೆ ಅವನು ಒಪ್ಪಿಗೆಯಿತ್ತವನ ಕೈಗೇ ಕೊಟ್ಟು ಸಹಿ ಪಡೆಯುವ ಆ ಪದ್ಧತಿಯು 2025ರಲ್ಲಿ ಪ್ರತ್ಯೇಕ ಸೇವೆಯಾಗಿ ನಿಂತು, ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಯಿತು. ಈಗ ಅದು ಹೆಚ್ಚುವರಿ ಶುಲ್ಕ ತೆತ್ತು ಕೇಳಿ ಪಡೆಯಬೇಕಾದ ಸೌಲಭ್ಯ. ನ್ಯಾಯವಾಗಿ ಹೇಳುವುದಾದರೆ ಎಲ್ಲವೂ ಕುಗ್ಗಿಲ್ಲ: ಪುಸ್ತಕಗಳಿಗಾಗಿ 2025ರ ಮೇ 1ರಂದು ಆರಂಭವಾದ ಜ್ಞಾನ ಪೋಸ್ಟ್, ಗ್ರಂಥಗಳನ್ನು ಹಂಚುವ ಬಸದಿಗಳ ಟ್ರಸ್ಟುಗಳಿಗೆ ಉಪಕಾರಿಯೇ ಆಗಿದೆ.

ಕಾನೂನು ಈ ವಿಷಯದಲ್ಲಿ ಬಹುಕಾಲದಿಂದ ಒಂದೇ ಮಾತನ್ನಾಡುತ್ತ ಬಂದಿದೆ. 1898ರ ಭಾರತೀಯ ಅಂಚೆ ಕಚೇರಿ ಅಧಿನಿಯಮದ 6ನೆಯ ಪ್ರಕರಣದಂತೆ, ಸರ್ಕಾರವು ತಾನಾಗಿ ಒಪ್ಪಿಕೊಂಡಷ್ಟನ್ನು ಬಿಟ್ಟು, ನಷ್ಟಕ್ಕಾಗಲಿ ವಿಳಂಬಕ್ಕಾಗಲಿ ಹೊಣೆಯಿರಲಿಲ್ಲ. 2024ರ ಜೂನ್‌ನಲ್ಲಿ ಜಾರಿಗೆ ಬಂದ 2023ರ ಹೊಸ ಅಧಿನಿಯಮವೂ ಇದೇ ರಕ್ಷಣೆಯನ್ನು ಉಳಿಸಿಕೊಂಡಿತು. ನೌಕರನು ವಂಚನೆಯಿಂದ ಅಥವಾ ಬೇಕೆಂದು ಹಾನಿಗೈದಿದ್ದರೆ ಮಾತ್ರ ಅವನು ಹೊಣೆಗಾರ. ಸ್ಪೀಡ್ ಪೋಸ್ಟಿನ ಲಕೋಟೆ ಕಳೆದರೆ ಬಹುಕಾಲ ನಡೆದು ಬಂದ ಪರಿಹಾರವೆಂದರೆ ತೆತ್ತ ಶುಲ್ಕದ ಎರಡರಷ್ಟು ಅಥವಾ 1000 ರೂಪಾಯಿ, ಇವೆರಡರಲ್ಲಿ ಕಡಿಮೆಯಾದುದು. ವಿಮೆ ಇಳಿಸದೆ ಕಳುಹಿಸಿದ ಚೀಟಿಯ ಬೆಲೆ ಎಷ್ಟೇ ಇರಲಿ, ದೊರೆಯುವುದು ಇಷ್ಟೇ.

ಅಲ್ಪ ಶುಲ್ಕಕ್ಕೆ ಗುಡ್ಡಗಾಡಿನ ಹಳ್ಳಿಗೂ ಕಾಗದ ಮುಟ್ಟಿಸುವ ಸಂಸ್ಥೆಗೆ ಈ ವಿನಾಯಿತಿ ಸಲ್ಲುತ್ತದೆ. ಐವತ್ತು ಪೈಸೆಯ ಕಾರ್ಡಿನ ಮೇಲೆ ಸಾವಿರಾರು ರೂಪಾಯಿಯ ಹೊಣೆ ಹೊರಿಸಿದರೆ ಕಾರ್ಡೇ ನಿಂತುಹೋದೀತು. ಆದರೆ ವೇಗಕ್ಕೆಂದು, ಭದ್ರತೆಗೆಂದು ಬೇರೆಬೇರೆಯಾಗಿ ಶುಲ್ಕ ಪಡೆದ ಬಳಿಕವೂ ಅದೇ ಹಳೆಯ ವಿನಾಯಿತಿಯ ಹಿಂದೆ ನಿಲ್ಲುವುದು ಧರ್ಮಸಮ್ಮತವಾಗಿ ಕಾಣುವುದಿಲ್ಲ. ಭದ್ರತೆಯನ್ನು ಮಾರಿದವನು ಭದ್ರತೆಗೆ ಉತ್ತರಿಸಬೇಕು. ಹೊಸ ಅಧಿನಿಯಮದಲ್ಲಿ ಕಾಗದ ಸಾಗಿಸುವ ಏಕಸ್ವಾಮ್ಯವನ್ನು ಉಳಿಸಿಕೊಳ್ಳದೆ, ಖಾಸಗಿ ಕೊರಿಯರುಗಳೊಡನೆ ಸರಿಸಮವಾಗಿ ಪೇಟೆಯಲ್ಲಿ ನಿಂತ ಮೇಲಂತೂ ಈ ಮಾತು ಇನ್ನಷ್ಟು ಸಲ್ಲುತ್ತದೆ.

ಇಲಾಖೆಯನ್ನು ದೂರುವುದು ಸುಲಭ. ಇದಕ್ಕಿಂತ ಕಠಿನವಾದ ಪ್ರಶ್ನೆ ಮಾರಿದವನಿಗೂ ಕೊಂಡವನಿಗೂ ಸಂಬಂಧಿಸಿದ್ದು. ಕಳುಹಿಸುವ ವಿಧಾನವನ್ನು ಯಾರು ಆರಿಸಿದರೋ ನಷ್ಟವು ಅವರದೆಂಬುದು ನ್ಯಾಯವೆನಿಸುತ್ತದೆ. ವಿಮೆಗೆ ತಗಲುವ ನೂರಿನ್ನೂರು ರೂಪಾಯಿಯನ್ನು ಉಳಿಸಲು ಕೊಂಡವನೇ ಸಾಧಾರಣ ಅಂಚೆಯನ್ನು ಬಯಸಿದ್ದರೆ, ಆಮೇಲೆ ಮಾರಿದವನ ಕುತ್ತಿಗೆಗೆ ಬೀಳುವುದು ಸಲ್ಲದು. ಅವನು ಏನನ್ನೂ ಹೇಳದಿದ್ದಲ್ಲಿ, ವಸ್ತುವು ಕೈಸೇರುವ ತನಕ ಅದು ಮಾರಿದವನ ಕಾಪಿನಲ್ಲಿರುವ ನ್ಯಾಸವೇ.

ನ್ಯಾಸವೆಂದರೆ ಇಟ್ಟುಕೊಳ್ಳಲು ಕೊಟ್ಟ ಒಡವೆ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವನ್ನು ಎಣಿಸುತ್ತದೆ. ಇದು ಅಚೌರ್ಯದಲ್ಲಿ ಬಾರದೆ ಸತ್ಯದಲ್ಲಿ ಬಂದಿರುವುದೇಕೆಂದು ಮೊದಲ ಓದಿಗೆ ಅಚ್ಚರಿಯೆನಿಸಬಹುದು. ಪೂಜ್ಯಪಾದರ ಸರ್ವಾರ್ಥಸಿದ್ಧಿಯ ವಿವರಣೆಯು ಆ ಅಚ್ಚರಿಯನ್ನು ಕಳೆಯುತ್ತದೆ: ಇಟ್ಟವನು ಎಷ್ಟಿಟ್ಟೆನೆಂಬುದನ್ನು ಮರೆತು ಕಡಿಮೆ ಕೇಳಿದಾಗ, ಹೌದು ಅಷ್ಟೇ ಎಂದು ಒಪ್ಪಿಬಿಡುವುದೇ ಈ ದೋಷ. ಕೈ ಏನನ್ನೂ ಕದಿಯಲಿಲ್ಲ. ಒಂದು ಮಾತು ಕದಿಯಿತು.

ಅಂಚೆಯ ವಿಳಂಬವು ಇಂತಹುದೇ ಸಂದರ್ಭವನ್ನು ಮನೆಬಾಗಿಲಿಗೆ ತರುತ್ತದೆ. ನಲವತ್ತು ದಿನ ಕಾದು, ಲಕೋಟೆ ಬರಲಿಲ್ಲವೆಂದು ಕೊಂಡವನು ತಿಳಿಸುತ್ತಾನೆ. ಮಾರಿದವನು ನಂಬಿ ಹಣವನ್ನು ಹಿಂದಿರುಗಿಸುತ್ತಾನೆ. ಅರುವತ್ತನೆಯ ದಿನ ಲಕೋಟೆ ಬರುತ್ತದೆ. ಈಗ ಚೀಟಿಯೂ ಇದೆ, ಹಣವೂ ಇದೆ, ಕೇಳುವವರಿಲ್ಲ. ಕಳೆದುಹೋಯಿತೆಂದೇ ಆಚೆಯವನು ಅದನ್ನು ಮರೆತಿದ್ದಾನೆ. ಅವನು ಶ್ರೀಮಂತ, ಇದು ನೂರು ರೂಪಾಯಿಯ ಮಾತು, ತಪ್ಪು ಅಂಚೆಯದು ಎಂದು ಮನಸ್ಸು ಒಂದಾದ ಮೇಲೊಂದು ಸಮಾಧಾನವನ್ನು ಒದಗಿಸುತ್ತದೆ. ಅಂಚೆಯ ತಪ್ಪು ವಿಳಂಬವಷ್ಟೇ, ಮುಂದಿನದು ಕೊಂಡವನದು. ನಿಧಾನವಾದ ಅಂಚೆಯಿಂದ ಆಗುವ ಕೇಡುಗಳಲ್ಲಿ ಇದೇ ದೊಡ್ಡದು ಎನ್ನಬೇಕು, ಏಕೆಂದರೆ ಇದಕ್ಕೆ ದೂರು ಕೊಡುವವರೇ ಇರುವುದಿಲ್ಲ.

ಹೊರದೇಶದ ಅಂಚೆಯಲ್ಲಿ ದೋಷವು ಲಕೋಟೆಯ ಮೇಲೆಯೇ ಬರೆದಿರುತ್ತದೆ. ಸುಂಕವನ್ನು ತಪ್ಪಿಸಲು ಹತ್ತು ಸಾವಿರದ ವಸ್ತುವಿಗೆ ಐನೂರೆಂದು ಬೆಲೆ ನಮೂದಿಸಿ, ಮಾರಿದ್ದನ್ನು ಉಡುಗೊರೆಯೆಂದು ಬರೆಯುವ ರೂಢಿಯು ಸಂಗ್ರಾಹಕರಲ್ಲಿ ತೀರ ಅಪರೂಪವಲ್ಲ. ಅಂತಹ ಲಕೋಟೆ ಕಳೆದಾಗ ಪೂರ್ಣ ಬೆಲೆಯನ್ನು ಕೇಳಲು ಯಾವ ಬಾಯಿ? ಅಮೆರಿಕವು 800 ಡಾಲರ್‌ವರೆಗಿನ ಸುಂಕವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ರದ್ದುಗೊಳಿಸಿದಾಗ ಭಾರತೀಯ ಅಂಚೆಯು ಆ ದೇಶಕ್ಕೆ ಸರಕು ಸ್ವೀಕರಿಸುವುದನ್ನು ತಡೆಹಿಡಿದು, ಅಕ್ಟೋಬರ್ ಮಧ್ಯದಲ್ಲಿ ಪುನಃ ಆರಂಭಿಸಿತು. ಆ ವಾರಗಳಲ್ಲಿ ಕೌಂಟರಿನ ಗುಮಾಸ್ತನ ಮೇಲೆ ಹರಿಹಾಯ್ದು ಫಲವಿರಲಿಲ್ಲ, ತಡೆಯು ಅವನದಾಗಿರಲಿಲ್ಲ.

ಸಂಗ್ರಹವೇ ಪರಿಗ್ರಹವಾಗಿರುವಾಗ ಕಳೆದದ್ದಕ್ಕೆ ಅಳುವುದೇಕೆ ಎನ್ನುವವರೂ ಉಂಟು. ವಸ್ತುವಿನ ಮೇಲಣ ಮಮತೆಯನ್ನೇ ಪರಿಗ್ರಹವೆಂದ ಪರಂಪರೆಯಲ್ಲಿ ಈ ಆಕ್ಷೇಪಕ್ಕೆ ತೂಕವಿದೆ. ಆದರೂ ತನ್ನ ಮಮತೆಯನ್ನು ಕಡಿಮೆ ಮಾಡಿಕೊಳ್ಳುವುದು ಅವರವರ ವ್ರತ. ಪರರ ನಷ್ಟವನ್ನು ಲಘುವಾಗಿಸಲು ಅದನ್ನು ಬಳಸುವಂತಿಲ್ಲ. ತನ್ನ ಆಲ್ಬಮಿನ ಖಾಲಿ ಜಾಗವನ್ನು ಸಹಿಸುವವನು ಸಾಧಕನಾದಾನು. ಪಕ್ಕದವನ ಖಾಲಿ ಜಾಗವನ್ನು ಸಹಿಸು ಎನ್ನುವವನು ಹಾಗಲ್ಲ.

ಉಳಿದದ್ದು ಮುದ್ರೆಯ ತಕರಾರು. ಚೀಟಿಯ ಬದಲಿಗೆ ಪಟ್ಟೆಗೆರೆಗಳ ಲೇಬಲ್ ಅಂಟಿಸುತ್ತಾರೆ, ಅಂಟಿಸಿದ ಚೀಟಿಯ ಮೇಲೆ ಪೆನ್ನಿನಿಂದ ಗೀಚುತ್ತಾರೆ ಎಂಬ ಕೊರಗು ಸಂಗ್ರಾಹಕರಲ್ಲಿ ವ್ಯಾಪಕವಾಗಿದೆ. ಆದರೆ ಅಂಚೆ ಕಚೇರಿಯು ವಿಧವಾ ವೇತನ ಪಡೆಯುವವರಿಗೂ, ಉಳಿತಾಯ ಖಾತೆಯವರಿಗೂ ಸೇರಿದ್ದು. ಸರದಿಯಲ್ಲಿ ಇಪ್ಪತ್ತು ಮಂದಿ ನಿಂತಿರುವಾಗ, ಆರು ಚೀಟಿಗಳನ್ನು ಅಂದವಾಗಿ ಅಂಟಿಸಿ ಒಂದೊಂದಕ್ಕೂ ದುಂಡುಮುದ್ರೆಯನ್ನು ಸ್ಪಷ್ಟವಾಗಿ ಒತ್ತಿಕೊಡೆಂದು ಹಟ ಹಿಡಿಯುವುದು ಇತರರ ಸಮಯವನ್ನು ಕೇಳದೆ ತೆಗೆದುಕೊಂಡಂತೆ. ಜನಸಂದಣಿ ಕರಗಿದ ಮಧ್ಯಾಹ್ನದ ಹೊತ್ತಿನಲ್ಲಿ ಹೋಗಿ ವಿನಯದಿಂದ ಕೇಳಿದರೆ, ಗುಮಾಸ್ತನು ಬಹುಮಟ್ಟಿಗೆ ಇಲ್ಲವೆನ್ನುವುದಿಲ್ಲ.